ದೇಸಾಯಿ ಮಾತಾಡದ ಹೊತ್ತು

ನಾಟಕಕ್ಕೆ ಬರುವ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಬಣ್ಣದ ವಿಷಯ. ಬಣ್ಣ ಹಚ್ಚುವುದು ಮೂರು ದಿನದಲ್ಲಿ ಬರುತ್ತದೆ. ಎರಡನೆಯದಾಗಿ ಕೇಳುವುದು ಅಳುವುದು ಹೇಗೆ ಎಂದು. ಅದೂ ಬರುತ್ತದೆ, ಬಾರದಿದ್ದರೆ ಸೆರಗಿನ ತುದಿಯಲ್ಲಿ ಒಂದು ಚೂರು ಉಳ್ಳಾಗಡ್ಡಿ ಕಟ್ಟಿಕೊಳ್ಳಿ, ನಾನೂ ಕಟ್ಟಿಕೊಂಡವಳೇ, ಅದರಲ್ಲಿ ನಾಚಿಕೆ ಏನೂ ಇಲ್ಲ. ಯಾರೂ ಕೇಳದ ವಿಷಯ ಇನ್ನೊಂದಿದೆ. ನಿಮ್ಮ ಮಾತು ಮುಗಿದು ಎದುರಿನವರ ಮಾತು ಶುರುವಾಗುವ ತನಕ ಹೇಗೆ ನಿಲ್ಲಬೇಕು? ಅದನ್ನು ಕಲಿಯಲು ನನಗೆ ಒಂಬತ್ತು ವರ್ಷ ಹಿಡಿಯಿತು. ಬರೆಯಲು ಕೂತದ್ದು ಅದನ್ನೇ.

ಯಾವ ವರ್ಷ ಯಾವ ಪಾರ್ಟು ಸಿಕ್ಕಿತು, ಯಾವ ಊರಲ್ಲಿ ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಶಾಲುಗಳು ಟ್ರಂಕಿನಲ್ಲಿವೆ, ನುಸಿ ಅವನ್ನು ನನಗಿಂತ ಚೆನ್ನಾಗಿ ಬಲ್ಲದು. ನಾನೀಗ ಸೊಲ್ಲಾಪುರದಲ್ಲಿ ಸಾಲುಮನೆಗಳ ಒಂದು ಚಾಳಿನ ಕೋಣೆಯಲ್ಲಿ ಒಬ್ಬಳೇ ಇದ್ದೇನೆ. ಮಗ್ಗುಲ ಕೋಣೆಯ ಹುಡುಗಿಯರು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದುವುದು ಮರಾಠಿ. ಇದನ್ನು ಯಾರು ಓದುತ್ತಾರೋ ಗೊತ್ತಿಲ್ಲ. ದಿನಕ್ಕೆ ನಾಲ್ಕು ಮಾತು ಆಡಲು ಮನುಷ್ಯರು ಸಿಗದ ವಯಸ್ಸಿನಲ್ಲಿ ಬರೆಯುವುದೂ ಮಾತಾಡಿದ ಹಾಗೆಯೇ ಎಂದುಕೊಂಡು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಅಕ್ಕಲಕೋಟೆ ತಾಲೂಕಿನ ಕುರನೂರಿನಲ್ಲಿ, ಕುರಿ ಸಾಕುವ ಮನೆಯಲ್ಲಿ. ಹೆಸರು ಮಾಳವ್ವ. ನನಗೊಬ್ಬ ತಮ್ಮ ಇದ್ದ, ಬೀರ ಅಂತ. ನನಗೆ ಒಂಬತ್ತು, ಅವನಿಗೆ ನಾಲ್ಕು. ಒಂದು ದಿನ ಅವ್ವ ಅವನನ್ನು ಬೋರಿ ಹೊಳೆಯ ದಂಡೆಯಲ್ಲಿ ನನ್ನ ಕೈಗೆ ಕೊಟ್ಟು ಕಳೆ ತೆಗೆಯಲು ಹೋದಳು. ಆಚೆ ಹೊಲದ ಬೇವಿನ ಮರದ ಕೆಳಗೆ ಗೊಂದಲಿಗರು ಬಂದು ಯಾವುದೋ ರಾಣಿಯ ಕಥೆ ಹಾಡುತ್ತಿದ್ದರು. "ಇಲ್ಲೇ ಕುಂಡ್ರು ಬೀರ್ಯಾ, ಈಗ ಬಂದೆ" ಎಂದು ಹೇಳಿ ಓಡಿದೆ. ಒಬ್ಬನೇ ಗಂಡಸು ರಾಣಿಯ ದನಿಯಲ್ಲೂ ರಾಜನ ದನಿಯಲ್ಲೂ ಮಾತಾಡುತ್ತಿದ್ದುದನ್ನು ನೋಡುತ್ತ ಬಾಯಿ ತೆರೆದುಕೊಂಡು ನಿಂತುಬಿಟ್ಟೆ. ತಿರುಗಿ ಬಂದಾಗ ದಂಡೆಯ ಮೇಲೆ ತಮ್ಮ ಇರಲಿಲ್ಲ. ಸಂಜೆ ಕೆಳಗಿನ ಮಡುವಿನಲ್ಲಿ ಸಿಕ್ಕ.

ಅಪ್ಪ ನನ್ನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ನನ್ನ ಜೊತೆ ಮಾತು ಬಿಟ್ಟ. ಒಂದು ದಿನ, ಒಂದು ತಿಂಗಳು ಎಂದಲ್ಲ, ಪೂರ್ತಿಯಾಗಿ ಬಿಟ್ಟ. ನನ್ನ ಹೆಸರು ಅವನ ಬಾಯಲ್ಲಿ ಮತ್ತೆ ಬರಲಿಲ್ಲ. ನಾನು ಎರಡು ಮಾರು ದೂರದಲ್ಲಿ ನಿಂತಿದ್ದರೂ ಅವ್ವನಿಗೆ ಹೇಳುತ್ತಿದ್ದ, "ಮರಿ ಕಟ್ಟಂತ ಹೇಳು ಅಕಿಗಿ." ಅವ್ವ ನನ್ನತ್ತ ತಿರುಗಿ, "ಮರಿ ಕಟ್ಟಬೇಕಂತ ನೋಡವ್ವಾ" ಎನ್ನುತ್ತಿದ್ದಳು. ಆ ಮಾತು ನನಗೆ ಎರಡು ಸಲ ಕೇಳಿಸುತ್ತಿತ್ತು. ಹಾಗೆ ಏಳು ವರ್ಷ ನಡೆಯಿತು.

ನನಗೆ ಹದಿನಾರಾದಾಗ ಅವ್ವ ಜ್ವರದಲ್ಲಿ ಹೋದಳು. ಮನೆಯಲ್ಲಿ ಉಳಿದವರು ನಾವಿಬ್ಬರು ಮತ್ತು ಒಂದು ನಾಯಿ. ಅಪ್ಪ ನಾಯಿಗೆ ಹೇಳತೊಡಗಿದ. "ಇವತ್ತ ಹೊತ್ತಾಗ್ತೈತಿ, ರೊಟ್ಟಿ ಮುಚ್ಚಿಡಬೇಕು" ಎಂದು ಅದರ ಮುಖ ನೋಡಿ ಹೇಳಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ. ನಾನು ರೊಟ್ಟಿ ಮುಚ್ಚಿಡುತ್ತಿದ್ದೆ. ಅವ್ವನ ತಂಗಿ, ನನ್ನ ಚಿಗವ್ವ, ದಿನಕರ್ಮಕ್ಕೆಂದು ಬಂದವಳು ಒಂದು ತಿಂಗಳು ಉಳಿದು ಇದನ್ನೆಲ್ಲ ನೋಡಿದಳು. "ಇನ್ನೊಂದು ವರ್ಷ ಇಲ್ಲಿದ್ದರ ಈ ಹುಡುಗಿ ಗ್ವಾಡಿ ಜೋಡಿ ಮಾತಾಡಾಕ ಸುರು ಮಾಡ್ತದ ಮಾವಾ. ನಾ ಕರಕೊಂಡ ಹೋಗ್ತೀನಿ" ಎಂದಳು. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಾವು ಹೊರಡುವ ದಿನ ಎಂದಿಗಿಂತ ಮೊದಲೇ ಕುರಿ ಬಿಟ್ಟುಕೊಂಡು ಹೋದ.

ಚಿಗವ್ವನದು ಅಕ್ಕಲಕೋಟೆ. ಅಲ್ಲಿಗೆ ನಾಟಕ ಕಂಪನಿ ಬಂದಾಗಲೆಲ್ಲ ಅವಳು ಅವರಿಗೆ ಅಡಿಗೆ ಮಾಡುತ್ತಿದ್ದಳು. ನಾನು ಪರದೆಯ ಹಿಂದೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದೆ. ಆಚೆ ಮಾತೇ ಮಾತು. ರಾಜ, ರಾಣಿ, ಸಾವುಕಾರ, ಕಳ್ಳ, ಎಲ್ಲರೂ ಒಬ್ಬರಿಗೊಬ್ಬರು ಜವಾಬು ಕೊಡುತ್ತಿದ್ದರು. ಒಬ್ಬರು ಕೇಳಿದರೆ ಇನ್ನೊಬ್ಬರು ಉತ್ತರಿಸಲೇಬೇಕು, ಅದೇ ಅಲ್ಲಿಯ ಕಾಯಿದೆ. ಇಂಥ ಜಾಗ ಲೋಕದಲ್ಲಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಹದಿನೈದು ದಿನದಲ್ಲಿ ದಾಸಿಯ ಪಾರ್ಟು ಮಾಡುವ ಹೆಂಗಸು ಜಗಳ ಮಾಡಿಕೊಂಡು ಬಿಟ್ಟುಹೋದಳು. ಕಂಪನಿಯ ಮಾಲೀಕರು ಚನ್ನಬಸಪ್ಪ ಧಣಿ ಅಡಿಗೆಮನೆಗೆ ಬಂದು ನನ್ನನ್ನು ಕೇಳಿದರು.

"ಏ ಹುಡುಗಿ, ಆಕಿ ಪಾರ್ಟ ನಿನಗ ಬರ್ತೈತೇನ?"

"ಎಲ್ಲಾರ್‍ದೂ ಬರ್ತಾವ್ರಿ" ಎಂದೆ.

ಅವರು ನಕ್ಕು, ತಮ್ಮದೇ ಪಾರ್ಟಿನ ಒಂದು ಸಾಲು ಹೇಳಿದರು. ಮುಂದಿನ ಸಾಲು ನಾನು ಹೇಳಿದೆ. ಅದರ ಮುಂದಿನದನ್ನೂ ಹೇಳಿದೆ. ಧಣಿ ನಶ್ಯದ ಡಬ್ಬಿ ಮುಚ್ಚಿ ಒಳಗಿಟ್ಟುಕೊಂಡರು. ನನ್ನ ಕೆಲಸ ಹೀಗೆ ಶುರುವಾಯಿತು.

ನಾಟಕ ಪಾಪದ ಕೆಲಸ ಎಂದು ಊರವರು ಹೇಳಿದ್ದು ನನಗೆ ನಾಟಲಿಲ್ಲ. ನನಗೆ ನನ್ನದೇ ಲೆಕ್ಕ ಇತ್ತು. ಆಟ ನೋಡಲು ಹೋಗಿ ತಮ್ಮನನ್ನು ಕಳೆದವಳು ಈಗ ಆಟದಲ್ಲೇ ಅನ್ನ ತಿನ್ನುತ್ತಿದ್ದಾಳೆ ಎಂದು ಅಪ್ಪ ಅಂದುಕೊಳ್ಳುತ್ತಾನೆ, ಇನ್ನು ಅವನು ಸಾಯುವ ತನಕ ಬಾಯಿ ಬಿಡುವುದಿಲ್ಲ ಎಂಬುದು ನನಗೆ ಖಾತ್ರಿಯಾಗಿತ್ತು. ವರ್ಷಕ್ಕೊಮ್ಮೆ ಬೀರೋಬನ ಹಬ್ಬಕ್ಕೆ ಕುರನೂರಿಗೆ ಹೋಗುತ್ತಿದ್ದೆ. ಅವನು ಅಂಗಳದಲ್ಲಿ ಕೂತು ಉಣ್ಣೆ ಬಿಡಿಸುತ್ತಿರುತ್ತಿದ್ದ. ನಾನು ಎದುರಿಗೆ ಒಂದು ತಾಸು ಕೂತು, ತಂದ ಧೋತರ ಇಟ್ಟು, ಎದ್ದು ಬರುತ್ತಿದ್ದೆ. ಧೋತರ ಉಡುತ್ತಿದ್ದನಂತೆ, ಚಿಗವ್ವ ಹೇಳುತ್ತಿದ್ದಳು.

ಊರಿಂದೂರಿಗೆ ಬಿಡಾರ ಎತ್ತುವ ಕ್ಯಾಂಪಿನ ಬಾಳು ಹೊಸಬರಿಗೆ ಗೊತ್ತಿರಲಿ. ನಾಟಕದ ಹೆಂಗಸರಿಗೆ ಊರಲ್ಲಿ ಯಾರೂ ಮನೆ ಕೊಡುತ್ತಿರಲಿಲ್ಲ. ಸೊಲ್ಲಾಪುರದಂಥ ಶಹರದಲ್ಲೂ ವ್ಯಾಪಾರಸ್ಥರ ಹೆಂಡಿರು ಮುಂದಿನ ಕುರ್ಚಿಯಲ್ಲಿ ಕೂತು ನಮಗಾಗಿ ಅಳುತ್ತಿದ್ದರು, ಮರುದಿನ ಪೇಟೆಯಲ್ಲಿ ಕಂಡರೆ ಸೆರಗು ಎಳೆದುಕೊಂಡು ಹಾದುಹೋಗುತ್ತಿದ್ದರು. ತಗಡಿನ ಥಿಯೇಟರಿನ ಹಿಂದೆ ತಟ್ಟಿ ಕಟ್ಟಿದ ಗೂಡುಗಳೇ ನಮ್ಮ ಮನೆ. ಉಳಿದ ನಟಿಯರ ಜೊತೆ ತಾಯಿಯೋ ಅಣ್ಣನೋ ಇರುತ್ತಿದ್ದರು. ದೀಪಾವಳಿಗೆ ಎಲ್ಲರೂ ತವರಿಗೆ ಹೋದರೆ ನಾನು, ಕಾವಲುಗಾರ ಮತ್ತು ಸುತ್ತಿಟ್ಟ ಪರದೆಗಳು. ಮಧ್ಯಾಹ್ನದ ಬಿಸಿಲಿಗೆ ತಗಡು ಟಕ್ ಟಕ್ ಎನ್ನುತ್ತಿತ್ತು. ಬಟ್ಟೆ ಗಿರಣಿಯ ಭೋಂಗಾ ಕೂಗಿದರೆ ಯಾರೋ ಮಾತಾಡಿಸಿದಷ್ಟು ಸಂತೋಷವಾಗುತ್ತಿತ್ತು.

ಈಗ ನನ್ನ ದೊಡ್ಡ ಪ್ರಮಾದಕ್ಕೆ ಬರುತ್ತೇನೆ. ನಮ್ಮ ಕಂಪನಿಯ ಹೆಸರುವಾಸಿ ನಾಟಕ ಒಬ್ಬ ಸಿರಿವಂತ ದೇಸಾಯಿಯ ಕಥೆ. ಮನೆಬಿಟ್ಟು ಹೋಗಿ ಬಡವನನ್ನು ಮದುವೆಯಾದ ಮಗಳು ಕೂಸು ಎತ್ತಿಕೊಂಡು ತಿರುಗಿ ಬರುತ್ತಾಳೆ. "ಅಪ್ಪಾ, ಒಂದೇ ಒಂದು ಮಾತಾಡು" ಎಂದು ಬೇಡುತ್ತಾಳೆ. ದೇಸಾಯಿಯಾಗಿದ್ದ ಧಣಿ ಅವಳಿಗೆ ಬೆನ್ನು ಮಾಡಿ ಸುಮ್ಮನೆ ನಿಲ್ಲುತ್ತಾರೆ. ಎಷ್ಟು ಹೊತ್ತು! ಗಿರಣಿಯ ಹುಡುಗರು ಬೆರಳು ಮಡಚಿ ಎಣಿಸುತ್ತಿದ್ದರು, ಇವತ್ತು ಇಪ್ಪತ್ತಾಯಿತು, ಇವತ್ತು ಇಪ್ಪತ್ತೈದಾಯಿತು ಎಂದು. ಆಮೇಲೆ ಧಣಿ ಮೆಲ್ಲಗೆ, "ನನಗೆ ಮಗಳೇ ಇಲ್ಲ" ಎನ್ನುತ್ತಿದ್ದರು. ಆ ಮೌನ ಕೇಳಲೆಂದೇ ಪಂಢರಪುರದ ಕಡೆಯಿಂದಲೂ ಜನ ಬರುತ್ತಿದ್ದರು.

ಅಕ್ಕಲಕೋಟೆಯಲ್ಲಿ ನಾನು ಆ ಭಾಗವನ್ನು ಪರದೆಯ ಹಿಂದಿನ ಅಡಿಗೆಮನೆಯಿಂದ ಕೇಳಿದ್ದೆ, ಕಂಡಿರಲಿಲ್ಲ. ಸದ್ದಿಲ್ಲದಾಗ ಅಲ್ಲಿ ಏನೋ ಪರದೆ ಬದಲಾಗುತ್ತಿದೆ ಎಂದುಕೊಂಡಿದ್ದೆ. ಸೊಲ್ಲಾಪುರದಲ್ಲಿ ಮೊದಲ ಸಲ ಆ ನಾಟಕದ ದಾಸಿಯಾಗಿ ಬಾಗಿಲಲ್ಲಿ ನಿಂತೆ. ಮಗಳು ಬೇಡಿದಳು. ಧಣಿ ಬೆನ್ನು ತಿರುಗಿಸಿದರು. ಸದ್ದಿಲ್ಲ. ಧಣಿ ಮಾತು ಮರೆತಿದ್ದಾರೆ, ಯಾರೂ ಎತ್ತಿಕೊಡುತ್ತಿಲ್ಲ, ಈ ಹುಡುಗಿ ಹೀಗೆಯೇ ನಿಂತುಬಿಡುತ್ತಾಳೆ ಎನಿಸಿತು. ತಡೆಯಲಾಗಲಿಲ್ಲ. ಬಾಗಿಲಿನಿಂದ ಗಟ್ಟಿಯಾಗಿ, "ನನಗೆ ಮಗಳೇ ಇಲ್ಲ!" ಎಂದೆ.

ಥಿಯೇಟರು ತಗಡು ಹಾರುವ ಹಾಗೆ ನಕ್ಕಿತು. ಹದಿನೇಳರ ದಾಸಿಗೆ ಮಗಳು ಇಲ್ಲದ್ದು ಅವರಿಗೆ ಅಷ್ಟು ತಮಾಷೆಯಾಗಿ ಕಂಡಿತು. ಕಂಡದ್ದರಲ್ಲಿ ತಪ್ಪಿಲ್ಲ.

ಪರದೆ ಬಿದ್ದ ಮೇಲೆ ಧಣಿ ನನ್ನ ಮುಂದೆ ಬಂದು ನಿಂತರು. ಮೀಸೆ ಇನ್ನೂ ಅಂಟಿಕೊಂಡೇ ಇತ್ತು. "ನನ್ನ ಇಪ್ಪತ್ತು ವರ್ಷದ ದುಡಿಮಿ ಐತಿ ಆ ಸುಮ್ಮನ ನಿಲ್ಲೂದ್ರಾಗ. ನೀ ಅದನ್ನ ಒಂದ ಮಾತಿನಾಗ ತಿಂದಬಿಟ್ಟಿ. ನಾಳೆಯಿಂದ ನಾ ನಿಂತಾಗೆಲ್ಲಾ ನೀ ವಿಂಗಿನಾಗ ಬಾಯಿ ತುಂಬ ನೀರ ಹಿಡಕೊಂಡ ನಿಂದ್ರಬೇಕು. ನಾ ಮಾತಾಡಿದ ಮ್ಯಾಲ ಉಗಳು."

ಒಂದು ತಿಂಗಳು ರಂಗದ ಮಗ್ಗುಲ ಪರದೆಯ ಮರೆಯಲ್ಲಿ ಹಾಗೆ ನಿಂತೆ. ಮೊದಲ ವಾರ ನೀರು ಮೂಗಿಗೆ ಏರುತ್ತಿತ್ತು. ನನ್ನ ಪಕ್ಕದಲ್ಲೇ ಪುಸ್ತಕ ಹಿಡಿದು ಮರೆತ ಮಾತು ಎತ್ತಿಕೊಡುವ ಪ್ರಾಂಪ್ಟರ್ ಗುರುನಾಥ ಮಾಸ್ತರರು ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು. ಬಡಕಲು ಮನುಷ್ಯ, ಪಿಸುಮಾತಿನಲ್ಲೇ ಆಯುಷ್ಯ ಕಳೆದವರು. ಮೂರನೆಯ ದಿನ ಪುಸ್ತಕವನ್ನು ನನ್ನತ್ತ ತಿರುಗಿಸಿ ಬೆರಳಿಟ್ಟು ತೋರಿಸಿದರು. "ನೋಡ್ರಿ ಮಾಳವ್ವಾರ, ಇಲ್ಲಿ ನಾ ಒಂದು ಗೀಟ ಎಳದೀನಿ. ಈ ಗೀಟ ಬಂತಂದ್ರ ನಾನೂ ಬಾಯಿ ಮುಚ್ಚಬೇಕು. ನಿಮಗೊಬ್ಬಾಕಿಗೇ ಶಿಕ್ಷಾ ಅಲ್ಲ ಇದು." ನನ್ನನ್ನು ಬಹುವಚನದಲ್ಲಿ ಕರೆದ ಮೊದಲ ಮನುಷ್ಯ ಅವರು. ನಾನು ಓದಲು ಕಲಿತದ್ದೂ ಅವರಿಂದಲೇ, ಆ ಗೀಟಿನಿಂದ ಶುರುಮಾಡಿ.

ಮೂರನೆಯ ವಾರಕ್ಕೆ ನನಗೆ ಧಣಿಯ ಬೆನ್ನು ಕಾಣತೊಡಗಿತು. ಅದುವರೆಗೆ ಕಂಡಿರಲಿಲ್ಲ, ಬರೀ ಮಾತಿಲ್ಲದ್ದು ಕಂಡಿತ್ತು. ಮಗಳು "ಅಪ್ಪಾ" ಎಂದಾಗ ಅವರ ಹೆಗಲು ಒಂದಿಷ್ಟು ಕೆಳಗಿಳಿಯುತ್ತಿತ್ತು. ಬಲಗಾಲಿನ ಹೆಬ್ಬೆರಳು ನೆಲ ಒತ್ತುತ್ತಿತ್ತು. ತಿರುಗಬೇಕೆಂದು ಕತ್ತು ಹೊರಟು ಅರ್ಧಕ್ಕೆ ನಿಲ್ಲುತ್ತಿತ್ತು. ಅವರು ಸುಮ್ಮನಿರಲಿಲ್ಲ, ಒಳಗೆ ಒಂದೇ ಸಮನೆ ಒದ್ದಾಡುತ್ತಿದ್ದರು. ಅದನ್ನು ನೋಡಿದ ದಿನ ಬಾಯಲ್ಲಿ ನೀರಿದ್ದುದರಿಂದ ನನಗೆ ಅಳಲೂ ಆಗಲಿಲ್ಲ. ನಮ್ಮಪ್ಪನ ಬೆನ್ನು ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಶಿಕ್ಷೆ ಮುಗಿದರೂ ನನ್ನ ಭಯ ಪೂರ್ತಿ ಹೋಗಲಿಲ್ಲ. ಎದುರಿನವರು ತಡವರಿಸಿದರೆ ಸಾಕು, ಮಾತು ನನ್ನ ನಾಲಿಗೆಗೆ ಬಂದು ಕೂತಿರುತ್ತಿತ್ತು. ಇದರಿಂದ ಒಳ್ಳೆಯದೂ ಆಯಿತೆನ್ನಿ. ಮಂಗಳವೇಢೆಯ ಕ್ಯಾಂಪಿನಲ್ಲಿ, ಆ ಹೊತ್ತಿಗೆ ದೇಸಾಯಿಯ ಮಗಳ ಪಾರ್ಟು ನನಗೆ ಬಂದಿತ್ತು, ಗಂಡನ ಪಾರ್ಟಿನವನಿಗೆ ಜ್ವರ ಏರಿ ಒಂದಕ್ಷರವೂ ನೆನಪಾಗದೆ ಮಿಕಮಿಕ ನೋಡುತ್ತ ನಿಂತ. ಗಾಳಿಗೆ ತಗಡು ಹೊಡೆದುಕೊಳ್ಳುತ್ತಿತ್ತು, ಮಾಸ್ತರರ ಪಿಸುಮಾತು ಅವನಿಗೆ ತಲುಪಲಿಲ್ಲ. ನಾನು ಸೊಂಟಕ್ಕೆ ಕೈ ಕೊಟ್ಟು, "ನೀವು ಏನು ಹೇಳುತ್ತೀರಿ ಎಂದು ನನಗೆ ಗೊತ್ತಿಲ್ಲವೆ? ಬಡವನ ಮನೆಯಲ್ಲಿ ನಿನಗೆ ಸುಖವಿಲ್ಲ, ತವರಿಗೆ ಹೋಗು ಎನ್ನುತ್ತೀರಿ. ಹೋದರೆ ನಿಮ್ಮನ್ನು ನೋಡುವವರು ಯಾರು ಎಂದು ನಾನು ಕೇಳುತ್ತೇನೆ. ದೇವರಿದ್ದಾನೆ ಎನ್ನುತ್ತೀರಿ" ಎಂದು ಅವನ ಪಾರ್ಟು ನನ್ನ ಪಾರ್ಟು ಎರಡನ್ನೂ ಮುಗಿಸಿದೆ. ಹೆಂಗಸರ ಕಡೆಯಿಂದ ಬಿದ್ದ ಚಪ್ಪಾಳೆ ಕೇಳಬೇಕಿತ್ತು. ಗಂಡನ ಮಾತನ್ನೂ ತಾನೇ ಆಡುವ ಹೆಂಡತಿಯನ್ನು ಅವರು ತಮ್ಮ ತಮ್ಮ ಮನೆಗಳಲ್ಲೇ ಕಂಡಿದ್ದರು. ಧಣಿ ಆ ದೃಶ್ಯವನ್ನು ಮುಂದೆ ಹಾಗೆಯೇ ಉಳಿಸಿದರು, ಅವನ ಜ್ವರ ಇಳಿದ ಮೇಲೂ.

ಆಗಲೇ ಮೈಕು ಬಂತು. ಮೊದಲು ನಾವು ಹೊಟ್ಟೆಯಿಂದ ದನಿ ಎತ್ತಿ ಕಡೆಯ ಸಾಲಿನ ಕಂಬಕ್ಕೆ ತಾಗಿಸಬೇಕಿತ್ತು. ಈಗ ರಂಗದ ನಡುವೆ ಒಂದು ಮೈಕು ಇಳಿಬಿಟ್ಟರು. ಎಲ್ಲರೂ ಅದರ ಕೆಳಗೇ ಗುಂಪುಗೂಡತೊಡಗಿದರು. ಶತ್ರುಗಳಿಬ್ಬರು ಹೆಗಲಿಗೆ ಹೆಗಲು ತಾಗಿಸಿ ನಿಂತು ಒಬ್ಬರನ್ನೊಬ್ಬರು ಬೈದಾಡಿದರೆ ಹೇಗಿರುತ್ತದೆ, ನೀವೇ ಹೇಳಿ. ಎಲ್ಲಕ್ಕಿಂತ ಕಷ್ಟ ಧಣಿಯದು. ಅವರು ಮೌನ ಹಿಡಿದರೆ ಮೈಕು ಗುಂಯ್ ಎನ್ನುತ್ತಿತ್ತು. "ನಾ ಸುಮ್ಮನಿದ್ದಾಗ ಅದಕ್ಯಾಕ ಬೇಕ ಮಾತು?" ಎಂದು ಸಿಟ್ಟಿಗೆದ್ದು, ಆ ಹೊತ್ತಿಗೆ ಅದರ ಬಾಯಿ ಮುಚ್ಚಿಸಲು ಒಬ್ಬನನ್ನೇ ನೇಮಿಸಿದರು. ಹೊಸ ಪದ್ಧತಿಯನ್ನು ನಾನು ಹಳಿಯುವುದಿಲ್ಲ, ಗಂಟಲು ಉಳಿಯಿತು. ಆದರೆ ಸುಮ್ಮನೆ ನಿಲ್ಲುವ ವಿದ್ಯೆ ಅದರೊಂದಿಗೆ ಕಡಿಮೆಯಾಯಿತು.

ಮಾಸ್ತರರು ನನ್ನನ್ನು ಕೇಳಿದ್ದು ಕುಂಭಾರಿ ಎಂಬ ಊರಿನ ಹತ್ತಿರ, ಕಂಪನಿಯ ಸಾಮಾನಿನ ಲಾರಿ ಕೆಟ್ಟು ನಿಂತಾಗ. ಎಲ್ಲರೂ ಬೇವಿನ ನೆರಳಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದರು. ಅವರು ನನ್ನಿಂದ ಒಂದು ಮಾರು ದೂರ ಕೂತು ರಸ್ತೆ ನೋಡುತ್ತ ಹೇಳಿದರು.

"ಮಾಳವ್ವಾರ, ನನಗ ಮುಂದ ಯಾರೂ ಇಲ್ಲ, ಹಿಂದ ಯಾರೂ ಇಲ್ಲ. ನಿಮ್ಮ ಮನಸಿದ್ದರ ಲಗ್ನಾ ಆಗೂಣು. ಜವಾಬ ಈಗ ಕೊಡಬ್ಯಾಡ್ರಿ."

ಈಗಲೇ ಕೊಡಬೇಕು ಎನ್ನಿಸಿತ್ತು ನನಗೆ. ಆದರೆ ಬಾಯಿಂದ ಬಂದದ್ದು ಬೇರೆ. "ನಮ್ಮಪ್ಪ ನನ್ನ ಜೋಡಿ ಮಾತಾಡಿ ಹದಿನೈದು ವರ್ಷ ಆತ್ರಿ ಮಾಸ್ತರ. ಹೆತ್ತಾಂವನ ಮಾತಾಡವಲ್ಲಂದ್ರ ನಾ ಎಂಥಾಕಿ ಅಂತ ನನಗ ತಿಳೀವಲ್ದು. ಅಂವಾ ಒಂದ ಮಾತ ಆಡಿದ ದಿನಾ ನಾ ನಿಮಗ ಹೂಂ ಅಂತೀನಿ. ಅಲ್ಲೀತನಕ ನನ್ನಿಂದ ಆಗೂದಿಲ್ಲ."

ಇದು ಹುಚ್ಚು ಹಟ ಎಂದು ಇವತ್ತಿನ ಹುಡುಗಿಯರು ಹೇಳಬಹುದು. ಹೇಳಲಿ. ಮನೆಯಲ್ಲಿ ಹೆಸರು ಕರೆಸಿಕೊಳ್ಳದೆ ಬೆಳೆದವರಿಗೆ ಮಾತ್ರ ಅದು ತಿಳಿಯುತ್ತದೆ. ಮಾಸ್ತರರು "ಹಂಗ ಆಗಲಿ" ಎಂದು ಎದ್ದು ಹೋಗಿ ಲಾರಿ ದೂಡುವವರ ಜೊತೆ ಸೇರಿಕೊಂಡರು. ಎರಡು ವರ್ಷ ಆ ಮಾತು ಮತ್ತೆ ಎತ್ತಲಿಲ್ಲ. ಆ ಎರಡು ವರ್ಷದಷ್ಟು ಒಂಟಿತನ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಬೇಕಾದದ್ದು ಕೈಗೆಟಕುವಷ್ಟು ಹತ್ತಿರ, ವಿಂಗಿನಲ್ಲೇ ಕೂತಿತ್ತು.

ಕಂಪನಿ ಮತ್ತೆ ಅಕ್ಕಲಕೋಟೆಗೆ ಬಂದಾಗ ಚಿಗವ್ವನಿಗೆ ತಾಳ್ಮೆ ತಪ್ಪಿತು. ನನಗೆ ಹೇಳದೆ ಕುರನೂರಿಗೆ ಹೋಗಿ ಅಪ್ಪನ ಮುಂದೆ ನಿಂತು ಹೇಳಿದಳಂತೆ, "ಮಾವಾ, ಹುಡುಗೀನ ಒಬ್ಬ ಮಾಸ್ತರ ಕೇಳ್ಯಾನ. ಆಕಿ ನಿನ್ನ ಮಾತಿಗಿ ಕಾಯಾಕತ್ತಾಳ. ಹೌದು ಅನ್ನು, ಇಲ್ಲಾ ಅನ್ನು, ಆದರ ಬಂದು ಅನ್ನು." ಮುಂದಿನ ಸಂತೆಯ ದಿನ ಉಣ್ಣೆಯ ಗಂಟು ಮಾರಲು ಬಂದ ಅಪ್ಪ ಸೀದಾ ಚಿಗವ್ವನ ಬಾಗಿಲಲ್ಲಿ ನಿಂತ. ಅವಳು ಹೊತ್ತು ಕಳೆಯಲಿಲ್ಲ. "ಮಗಳ್ನ ನೋಡಬೇಕಂದ್ರ ಆಕಿ ಈಗ ಥೇಟರಿನಾಗ ಸಿಗ್ತಾಳ" ಎಂದು ಎಳೆದುಕೊಂಡು ಬಂದಳು.

ಸಂತೆಯ ದಿನ ಹಗಲಾಟ ಇರುತ್ತಿತ್ತು, ಹಳ್ಳಿಯವರು ಹೊತ್ತು ಮುಳುಗುವ ಮೊದಲು ಊರು ಸೇರಲೆಂದು. ರಾತ್ರಿಯಾದರೆ ರಂಗದಿಂದ ಜನ ಕಾಣುವುದಿಲ್ಲ, ಬರೀ ಕತ್ತಲು. ಹಗಲಾಟದಲ್ಲಿ ತಗಡಿನ ತೂತುಗಳಿಂದ ಬಿಸಿಲು ಬಿದ್ದು ಒಂದೊಂದು ಮುಖವೂ ಕಾಣುತ್ತದೆ. ನಾನು ಕೂಸು ಎತ್ತಿಕೊಂಡು, ಕೂಸೆಂದರೆ ಅರಿವೆಯ ಸುತ್ತು, ದೇಸಾಯಿಯ ವಾಡೆಗೆ ಬಂದೆ. ಕೆಳಗೆ ಗಂಡಸರ ಕಡೆ, ನೆಲದ ಮೇಲೆ, ಎರಡನೆಯ ಸಾಲಿನಲ್ಲಿ ಕೆಂಪು ರುಮಾಲು, ಹೆಗಲ ಮೇಲೆ ಕಂಬಳಿ. ಅಪ್ಪ.

ಅವನು ಹುಟ್ಟಿದ ಮೇಲೆ ನಾಟಕ ನೋಡಿದವನಲ್ಲ. ತಮ್ಮ ಹೋದ ಮೇಲಂತೂ ಹಾಡು ಕೇಳಿಸಿದರೆ ಎದ್ದು ಹೋಗುತ್ತಿದ್ದವನು. ಈಗ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಪಾರ್ಟಿನ ಮಾತು ತಾನಾಗಿ ಬಂತು, "ಅಪ್ಪಾ, ಒಂದೇ ಒಂದು ಮಾತಾಡು." ಧಣಿ ಬೆನ್ನು ತಿರುಗಿಸಿದರು. ಮೈಕಿನ ಬಾಯಿ ಮುಚ್ಚಿದರು. ಮೌನ ಶುರುವಾಯಿತು.

ನಾನು ಅದನ್ನು ಮಾತಿನಿಂದ ತುಂಬಲಿಲ್ಲ. ಅಂದು ತುಂಬಬೇಕೆಂದು ಅನ್ನಿಸಲೂ ಇಲ್ಲ. ಹದಿನೇಳು ವರ್ಷದ ಮೌನ ಎದುರಿಗೇ ಕೂತಿರುವಾಗ ಧಣಿಯ ಇಪ್ಪತ್ತೆಣಿಕೆ ಯಾವ ಲೆಕ್ಕ? ಸುಮ್ಮನೆ ನಿಂತೆ. ನನ್ನ ಒಂಬತ್ತು ವರ್ಷದ ಕೆಲಸದಲ್ಲಿ ಅಷ್ಟು ನೆಟ್ಟಗೆ ನಾನು ಎಂದೂ ನಿಂತಿರಲಿಲ್ಲ.

ಆಗ ನೆಲದಿಂದ ಒಂದು ದನಿ ಬಂತು.

"ಮಾತಾಡೋ ಯಪ್ಪಾ ಆಕಿ ಜೋಡಿ."

ಜನ ತಿರುಗಿ ನೋಡಿದರು. ಯಾರೋ ಮರಾಠಿಯಲ್ಲಿ "ಗಪ್ ಬಸಾ" ಎಂದು ಸುಮ್ಮನೆ ಕೂರಲು ಗದರಿದರು. ಕೆಲವರು ನಕ್ಕರು. ಅಪ್ಪ ಎದ್ದು ನಿಂತಿದ್ದ. ಅವನ ಕಣ್ಣು ನನ್ನ ಮೇಲಿರಲಿಲ್ಲ, ಧಣಿಯ ಬೆನ್ನ ಮೇಲಿತ್ತು. "ಕೂಸಿನ್ನ ಬಗಲಾಗ ಇಟಗೊಂಡ ನಿಂತಾಳ. ಎಷ್ಟೊತ್ತ ನಿಂದ್ರಬೇಕ ಆಕಿ? ಕಲ್ಲ ಏನ ನೀ?"

ಧಣಿ ತಿರುಗಲಿಲ್ಲ. ಅವರ ಅಭಿಮಾನ ನನಗೆ ಗೊತ್ತು, ಮಳೆ ಬಂದು ತಗಡು ಹಾರಿದರೂ ಆ ಮೌನ ಬಿಡುವವರಲ್ಲ. ವಿಂಗಿನಲ್ಲಿ ಮಾಸ್ತರರು ಪುಸ್ತಕ ಮಡಚಿ ಎದ್ದು ನಿಂತದ್ದು ಕಂಡಿತು. ಅಪ್ಪ ಇನ್ನೂ ಸ್ವಲ್ಪ ಕಾದ. ಆಮೇಲೆ ಕೈ ಚಾಚಿದ.

"ಅಂವಾ ಮಾತಾಡಂಗಿಲ್ಲ ಬಿಡು, ಮಾಳಿ. ನೀ ಇತ್ತ ಬಾ."

ಹೊಸಬರಿಗೆ ನಾನು ಯಾವಾಗಲೂ ಹೇಳುವುದುಂಟು, ದೃಶ್ಯದ ನಡುವೆ ರಂಗ ಬಿಟ್ಟು ಇಳಿಯುವುದಕ್ಕಿಂತ ದೊಡ್ಡ ತಪ್ಪು ನಮ್ಮ ಕಸುಬಿನಲ್ಲಿ ಇಲ್ಲ. ನಾನು ಇಳಿದೆ. ದೀಪಗಳ ಸಾಲು ದಾಟಿ, ಹಾರ್ಮೋನಿಯಂ ಪೇಟಿಯವರ ಪಕ್ಕದಿಂದ, ಬಣ್ಣ ಹಚ್ಚಿದ ಮುಖದಲ್ಲೇ ಹೋಗಿ ಅಪ್ಪನ ಮಗ್ಗುಲಲ್ಲಿ ನೆಲದ ಮೇಲೆ ಕೂತೆ. ಅವನು ಸರಿದು ಜಾಗ ಕೊಟ್ಟ, ಕಂಬಳಿಯ ಅರ್ಧ ಹಾಸಿದ.

ಧಣಿ ದೊಡ್ಡ ನಟರು. ತಿರುಗಿ, ಬರಿದಾದ ಜಾಗವನ್ನು ನೋಡಿದರು. ಅವರು "ನನಗೆ ಮಗಳೇ ಇಲ್ಲ" ಎನ್ನಲಿಲ್ಲ. "ಹೋದಳೆ?" ಎಂದಷ್ಟೇ ಹೇಳಿ ಒಳಗೆ ಹೋದರು. ಆಮೇಲೆ ಹಾಸ್ಯದವರನ್ನು ಮುಂದೆ ದೂಡಿ, ನನ್ನ ದೃಶ್ಯಗಳನ್ನೆಲ್ಲ ಹಾರಿಸಿ, ನಾಟಕ ನಡೆಸಿದರು. ಮರುದಿನ ನನ್ನನ್ನು ಕರೆದು ಬೈದರೆನ್ನಿ, ಆದರೆ ಬೈಗುಳ ಅರ್ಧಕ್ಕೇ ನಿಂತಿತು.

ಆದದ್ದು ನಾಟಕ ಎಂದು ಅಪ್ಪನಿಗೆ ತಿಳಿದಿತ್ತೆ? ಚಿಗವ್ವ ತಿಳಿದಿರಲಿಲ್ಲ ಎನ್ನುತ್ತಿದ್ದಳು. ಮಾಸ್ತರರು ನನ್ನ ಜೊತೆ ಬದುಕಿದಷ್ಟು ದಿನವೂ ಎಲ್ಲ ತಿಳಿದಿತ್ತು ಎನ್ನುತ್ತಿದ್ದರು. ನಾನು ಅವನನ್ನು ಎಂದೂ ಕೇಳಲಿಲ್ಲ. ಉಳಿದ ಆಟವನ್ನು ನಾವಿಬ್ಬರೂ ಕೂತು ನೋಡಿದೆವು. ಹೊಸಬರು ಯಾರಾದರೂ ರಂಗಕ್ಕೆ ಬಂದರೆ ಅಪ್ಪ ನನ್ನತ್ತ ಬಾಗಿ, "ಇಂವಾ ಯಾರವ್ವಾ?" ಎನ್ನುತ್ತಿದ್ದ. "ಸಾವುಕಾರ." "ಕೆಟ್ಟವನ?" "ಹೂಂ ಯಪ್ಪಾ." "ಕಂಡ ಕೂಡಲೆ ತಿಳೀತು ನನಗ." ಹೀಗೆ ಎರಡು ತಾಸು. ಹದಿನೇಳು ವರ್ಷದಲ್ಲಿ ಕೇಳದ್ದನ್ನೆಲ್ಲ ಅವನು ಆ ನಾಟಕದವರ ಬಗ್ಗೆ ಕೇಳಿದ. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ಬಣ್ಣ ಕರಗಿ ಕುತ್ತಿಗೆಗೆ ಇಳಿಯುತ್ತಿತ್ತು.

ನಾವು ಕೂತ ಕಡೆಯಿಂದ ವಿಂಗಿನ ಒಳಗು ಓರೆಯಾಗಿ ಕಾಣುತ್ತಿತ್ತು. "ಆ ಪುಸ್ತಕ ಹಿಡಕೊಂಡಾಂವ ಯಾರು? ಹೊರಗ ಬರವಲ್ಲ" ಎಂದ.

"ಅವರ ನನ್ನ ಕೇಳಿದವ್ರು ಯಪ್ಪಾ. ಯಾರರೆ ಮಾತ ಮರತರ ಹೇಳಿಕೊಡೂದು ಅವರ ಕೆಲಸ."

ಅಪ್ಪ ಬಹಳ ಹೊತ್ತು ಅತ್ತ ನೋಡಿದ. "ಛಲೋ ಕೆಲಸ ಐತಿ" ಎಂದ. ಆಮೇಲೆ, "ಕೊಡೂಣು" ಎಂದ.

ಮಂಗಳ ಹಾಡಿದರು. ಜನ ಚಪ್ಪಲಿ ಹುಡುಕುತ್ತ, ಚೀಲ ಹೆಗಲಿಗೇರಿಸುತ್ತ ಹೊರಟರು. ಅಪ್ಪ ಕಂಬಳಿ ಜಾಡಿಸಿ ಮಡಚುತ್ತಿದ್ದವನು ಏನೋ ನೆನಪಾದಂತೆ ನಿಂತು ರಂಗದತ್ತ ನೋಡಿದ.

"ಎಲ್ಲಾರ್‍ದೂ ತಿಳೀತು. ಆ ದೇಸಾಯಿ ಮಗಳು ಬಂದು ನಿಂತಿತ್ತಲ್ಲ, ಆ ಹುಡುಗಿದ ಮುಂದ ಏನಾತು, ತಿಳೀಲಿಲ್ಲ."

"ಅವರಪ್ಪ ಬಂದು ಕರಕೊಂಡ ಹ್ವಾದ" ಎಂದೆ.

ಅಪ್ಪ ತಲೆಯಾಡಿಸಿದ. ರುಮಾಲಿನ ಚುಂಗಿನಿಂದ ನನ್ನ ಕೆನ್ನೆಯ ಬಣ್ಣವನ್ನು ಒರಟಾಗಿ ಒರೆಸಿ, "ಮೊದಲ ಬರಬೇಕಾಗಿತ್ತು ಅಂವಾ" ಎಂದ.